ಕಾಲ ಕೆಳಗಿನ 6,371 ಕಿಲೋಮೀಟರ್: ಭೂಮಿಯ ಒಡಲನ್ನೂ ಹುಟ್ಟನ್ನೂ ಅರಿಯುವುದು ಏಕೆ ಇಷ್ಟು ಕಠಿಣ?

ಭೂಜಿಜ್ಞಾಸು:

ಎಲ್ಲರಿಗೂ ನಮಸ್ಕಾರ. ಭೂಮಿಯ ಮೇಲ್ಮೈಯಿಂದ ಕೇಂದ್ರಕ್ಕೆ ಸರಾಸರಿ 6,371 ಕಿಲೋಮೀಟರ್ ದೂರವಿದೆ. ಭೂವಿಜ್ಞಾನಕ್ಕಾಗಿ ನೇರ ಕೆಳಮುಖವಾಗಿ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿದ್ದು, ಅದು 1989ರಲ್ಲಿ 12,262 ಮೀಟರ್ ಮುಟ್ಟಿತು. ಅಲ್ಲಿಂದ ಮುಂದಕ್ಕೆ ಹೋಗಲಾಗಲಿಲ್ಲ. ಒಟ್ಟು ದೂರದ ಐನೂರರಲ್ಲೊಂದು ಭಾಗವೂ ಅದಲ್ಲ. ಇಷ್ಟಾದರೂ ಮೇಲ್ಪದರವಾದ ಭೂಕವಚದ ಕೆಳಗಿನ ದಪ್ಪ ಶಿಲಾಪದರ, ಅಂದರೆ ಮ್ಯಾಂಟಲ್, ಸುಮಾರು 2,890 ಕಿಲೋಮೀಟರ್ ಆಳದಲ್ಲಿ ಮುಗಿಯುತ್ತದೆ, ಅದರಾಚೆ ದ್ರವರೂಪದ ಹೊರ ಕೇಂದ್ರಗೋಳವಿದೆ, 5,150 ಕಿಲೋಮೀಟರ್ ಆಳದಿಂದ ಘನರೂಪದ ಒಳ ಕೇಂದ್ರಗೋಳ ಆರಂಭವಾಗುತ್ತದೆ ಎಂದು ಪಠ್ಯಪುಸ್ತಕಗಳು ಯಾವ ಅಳುಕೂ ಇಲ್ಲದೆ ಹೇಳುತ್ತವೆ.

ನನ್ನ ಪ್ರಶ್ನೆಗಳು ಎರಡು. ಇವುಗಳಲ್ಲಿ ಯಾವುದು ಅಳತೆ, ಯಾವುದು ಅನುಮಾನ? ಇಂದು ಕಾಲ ಕೆಳಗಿರುವ ಒಡಲನ್ನು ಅರಿಯುವುದು ಹೆಚ್ಚು ಕಷ್ಟವೋ, ಸುಮಾರು 450 ಕೋಟಿ ವರ್ಷಗಳ ಹಿಂದೆ ಈ ಗ್ರಹ ರೂಪುಗೊಂಡ ಬಗೆಯನ್ನು ಅರಿಯುವುದು ಹೆಚ್ಚು ಕಷ್ಟವೋ? ಈ ಕ್ಷೇತ್ರದಲ್ಲಿ ಓದಿಕೊಂಡವರು ಸಾವಕಾಶವಾಗಿ ವಿವರಿಸಬೇಕೆಂದು ಕೋರುತ್ತೇನೆ.

ಸಂದೇಹಿ:

ಒಳ್ಳೆಯ ಪ್ರಶ್ನೆ. ನನ್ನದೂ ಒಂದು ಇದಕ್ಕೆ ಸೇರಿಕೊಳ್ಳಲಿ. ಕೋಟ್ಯಂತರ ಕಿಲೋಮೀಟರ್ ದೂರದ ಗ್ರಹಗಳಿಗೆ ನೌಕೆ ಕಳುಹಿಸುವ ನಾವು, ಇನ್ನೊಂದು ಇಪ್ಪತ್ತು ಕಿಲೋಮೀಟರ್ ಕೊರೆದು ಕಣ್ಣಾರೆ ನೋಡಿ ಈ ಸಂಶಯವನ್ನು ಏಕೆ ಬಗೆಹರಿಸಿಕೊಳ್ಳಬಾರದು? ಮುಚ್ಚಿದ ಮಡಕೆಯನ್ನು ಹೊರಗಿನಿಂದ ತಟ್ಟಿ, ಸದ್ದಿನಿಂದಲೇ ಒಳಗೇನಿದೆ ಎಂದು ಹೇಳುವವರನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಹರಳುಕಣ್ಣು:

ಕೊರೆಯುವ ವಿಷಯವನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಅದು ಈ ಕಥೆಯ ಸಣ್ಣ ಭಾಗ. ಕೋಲಾದಲ್ಲಿ ಕೆಲಸ ಆರಂಭವಾದದ್ದು 1970ರಲ್ಲಿ. ತಳದಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ಇರಬಹುದೆಂದು ಎಣಿಸಿದ್ದರು. ಕಂಡದ್ದು ಸುಮಾರು 180 ಡಿಗ್ರಿ. ಆ ಉಷ್ಣಾಂಶ ಮತ್ತು ಒತ್ತಡದಲ್ಲಿ ಬಂಡೆಯು ಗಟ್ಟಿ ಗೋಡೆಯಂತೆ ನಿಲ್ಲದೆ ರಂಧ್ರದೊಳಕ್ಕೆ ಒತ್ತರಿಸಿಕೊಂಡು ಬರುತ್ತಿತ್ತು. ಜರ್ಮನಿಯ ಬವೇರಿಯಾದಲ್ಲಿ ಕೊರೆದ ಇನ್ನೊಂದು ರಂಧ್ರ 1994ರಲ್ಲಿ 9,101 ಮೀಟರ್ ತಲುಪುವ ಹೊತ್ತಿಗೆ ಅಲ್ಲಿನ ಉಷ್ಣಾಂಶ 260 ಡಿಗ್ರಿ ದಾಟಿತ್ತು. ಕಡಲ ತಳದಲ್ಲಿ ಭೂಕವಚ ತೆಳುವಾಗಿರುವುದರಿಂದ ಅಲ್ಲಿಂದ ಮ್ಯಾಂಟಲ್ ಮುಟ್ಟಬಹುದೆಂಬ ಲೆಕ್ಕಾಚಾರದಲ್ಲಿ ಅಮೆರಿಕ 1961ರಲ್ಲಿ ಮೊಹೋಲ್ ಯೋಜನೆಯನ್ನು ಕೈಗೊಂಡಿತು. ಸಮುದ್ರತಳದಿಂದ 183 ಮೀಟರ್ ಕೊರೆದ ಬಳಿಕ ಖರ್ಚಿನ ವಿವಾದಗಳಲ್ಲಿ ಸಿಲುಕಿದ ಯೋಜನೆಗೆ ಅಲ್ಲಿನ ಸಂಸತ್ತು 1966ರಲ್ಲಿ ಹಣ ನಿಲ್ಲಿಸಿತು. 2023ರಲ್ಲಿ ಅಟ್ಲಾಂಟಿಕ್ ಸಾಗರದ ಮಧ್ಯದಲ್ಲಿ 1,268 ಮೀಟರ್ ಮ್ಯಾಂಟಲ್ ಶಿಲೆಯನ್ನು ಕೊರೆದದ್ದು ದೊಡ್ಡ ಸಾಧನೆಯೇ ಸರಿ. ಆದರೆ ಅದು ಭೂಫಲಕಗಳ ಚಲನೆಯಿಂದ ಮ್ಯಾಂಟಲ್ ಶಿಲೆಯೇ ಮೇಲೆದ್ದು ಬಂದಿರುವ ಜಾಗ. ಆ ಶಿಲೆ ಸಮುದ್ರದ ನೀರಿನೊಡನೆ ವರ್ತಿಸಿ ಬಹುಮಟ್ಟಿಗೆ ಮಾರ್ಪಟ್ಟಿದೆ.

ಕೋಲಾದಿಂದ ದೊರೆತ ನಿಜವಾದ ಪಾಠ ಆಳದ ದಾಖಲೆಯಲ್ಲಿಲ್ಲ. ಭೂಕಂಪನ ಅಲೆಗಳ ವೇಗವು ಏಳು ಕಿಲೋಮೀಟರ್ ಆಸುಪಾಸಿನಲ್ಲಿ ಥಟ್ಟನೆ ಏರುವುದನ್ನು ಕಂಡು, ಗ್ರಾನೈಟ್ ಮುಗಿದು ಬಸಾಲ್ಟ್ ಆರಂಭವಾಗುವುದು ಅಲ್ಲಿಯೇ ಎಂದು ತಜ್ಞರು ಅರ್ಥೈಸಿದ್ದರು. ಕೊರೆದು ನೋಡಿದಾಗ ಬಸಾಲ್ಟ್ ಇರಲೇ ಇಲ್ಲ. ಒತ್ತಡ ಮತ್ತು ಶಾಖಕ್ಕೆ ಸಿಕ್ಕಿ ರೂಪಾಂತರಗೊಂಡ, ಬಿರುಕುಗಳಲ್ಲಿ ನೀರು ತುಂಬಿಕೊಂಡ ಗ್ರಾನೈಟ್ ಜಾತಿಯ ಶಿಲೆಯೇ ಅಲ್ಲಿತ್ತು. ಅಳತೆಯಲ್ಲಿ ತಪ್ಪಿರಲಿಲ್ಲ, ಅಳತೆಯನ್ನು ಓದಿದ ಬಗೆಯಲ್ಲಿ ತಪ್ಪಿತ್ತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಮುಖ್ಯ ತೊಡಕು ಆಳವಲ್ಲ. ಒಂದೇ ಅಳತೆಗೆ ಎರಡು ಮೂರು ಒಡಲುಗಳು ಸಮನಾಗಿ ಹೊಂದಿಕೊಂಡುಬಿಡುವುದೇ ಮುಖ್ಯ ತೊಡಕು.

ಅಲೆಯಜಾಡು:

ಹರಳುಕಣ್ಣು ಅವರ ಕೊನೆಯ ಮಾತನ್ನು ಒಪ್ಪುತ್ತೇನೆ. ಆದರೆ ಅದನ್ನು ಓದಿದವರು ‘ಎಲ್ಲವೂ ಊಹೆಯೇ’ ಎಂಬ ತೀರ್ಮಾನಕ್ಕೆ ಬರಬಾರದು. ಯಾವುದು ಗಟ್ಟಿ, ಯಾವುದು ಸಡಿಲ ಎಂದು ವಿಂಗಡಿಸುವುದು ಸಾಧ್ಯವಿದೆ.

ಮೊದಲು ಗಟ್ಟಿಯಾದದ್ದು. ಹೆನ್ರಿ ಕ್ಯಾವೆಂಡಿಶ್ 1798ರಲ್ಲಿ ಸೀಸದ ಗುಂಡುಗಳ ನಡುವಣ ಗುರುತ್ವಾಕರ್ಷಣೆಯನ್ನು ಅಳೆದು ಭೂಮಿಯ ಸರಾಸರಿ ಸಾಂದ್ರತೆ ನೀರಿನ ಸುಮಾರು ಐದೂವರೆ ಪಟ್ಟು ಎಂದು ತೋರಿಸಿದರು. ಮೇಲ್ಮೈಯ ಬಂಡೆಗಳ ಸಾಂದ್ರತೆ ಮೂರು ಪಟ್ಟನ್ನೂ ಅಪರೂಪಕ್ಕೆ ಮೀರುವುದರಿಂದ, ಒಳಗೆ ಎಲ್ಲೋ ಬಹಳ ಭಾರವಾದ ವಸ್ತು ಇರಲೇಬೇಕು. ಆ ಭಾರ ಕೇಂದ್ರದ ಕಡೆಗೆ ಒತ್ತಾಗಿದೆ ಎಂಬುದನ್ನು ಭೂಮಿ ತನ್ನ ಅಕ್ಷದ ಮೇಲೆ ತಿರುಗುವ ಬಗೆಯೇ ಸಾರುತ್ತದೆ: ಭಾರ ಕೇಂದ್ರದತ್ತ ಒತ್ತಾದಷ್ಟೂ ಇಳಿಯುವ ಜಡತ್ವ ಭ್ರಾಮ್ಯತೆಯ ಗುಣಾಂಕ ಏಕರೂಪದ ಗೋಳಕ್ಕೆ 0.4 ಆಗಿದ್ದರೆ, ಭೂಮಿಯದು ಸುಮಾರು 0.33. ಇವೆರಡೂ ಭೂಕಂಪನ ವಿಜ್ಞಾನವನ್ನು ಮುಟ್ಟದೆಯೇ ದೊರೆಯುವ ಫಲಿತಾಂಶಗಳು.

ಇನ್ನು ಅಲೆಗಳು. ರಿಚರ್ಡ್ ಓಲ್ಡ್‌ಹ್ಯಾಮ್ 1906ರಲ್ಲಿ ಕೇಂದ್ರಗೋಳದ ಇರುವಿಕೆಗೆ ಅಲೆಗಳ ಆಧಾರ ಒದಗಿಸಿದರು. 1909ರಲ್ಲಿ ಕ್ರೊಯೇಷಿಯಾದ ಒಂದು ಭೂಕಂಪದ ದಾಖಲೆಗಳಿಂದ ಆಂದ್ರಿಯಾ ಮೊಹೊರೊವಿಚಿಚ್ ಭೂಕವಚದ ತಳವನ್ನು ಗುರುತಿಸಿದರು. ಕೆಲವೇ ವರ್ಷಗಳಲ್ಲಿ ಬೆನೊ ಗುಟೆನ್‌ಬರ್ಗ್ ಕೇಂದ್ರಗೋಳದ ಅಂಚು 2,900 ಕಿಲೋಮೀಟರ್ ಆಳದಲ್ಲಿದೆ ಎಂದು ಲೆಕ್ಕ ಹಾಕಿದರು. ಇಂದಿನ ಅಂಕಿಗೂ ಅದಕ್ಕೂ ಹತ್ತು ಹದಿನೈದು ಕಿಲೋಮೀಟರಿಗಿಂತ ಹೆಚ್ಚಿನ ವ್ಯತ್ಯಾಸವಿಲ್ಲ. ದ್ರವದಲ್ಲಿ ಸಾಗಲಾರದ ಎಸ್ ಅಲೆಗಳು ಆ ಅಂಚನ್ನು ದಾಟದಿರುವುದರ ಜೊತೆಗೆ, ಚಂದ್ರ ಸೂರ್ಯರ ಸೆಳೆತಕ್ಕೆ ಭೂಮಿ ಎಷ್ಟು ಬಾಗುತ್ತದೆ ಎಂಬ ಲೆಕ್ಕವನ್ನೂ ಸೇರಿಸಿ, ಹೊರ ಕೇಂದ್ರಗೋಳ ದ್ರವವೇ ಎಂದು ಹೆರಾಲ್ಡ್ ಜೆಫ್ರೀಸ್ 1926ರಲ್ಲಿ ವಾದಿಸಿದರು. ಅಲೆಗಳು ಬರಬಾರದ ನೆರಳಿನ ವಲಯದಲ್ಲಿಯೂ, ದ್ರವದಲ್ಲೂ ಸಾಗಬಲ್ಲ ಪಿ ಅಲೆಗಳು ಸಣ್ಣದಾಗಿ ದಾಖಲಾಗುತ್ತಿದ್ದುದನ್ನು ಕಡೆಗಣಿಸದೆ, 1929ರ ನ್ಯೂಜಿಲೆಂಡ್ ಭೂಕಂಪದ ದಾಖಲೆಗಳನ್ನು ಅಭ್ಯಸಿಸಿದ ಡೆನ್ಮಾರ್ಕಿನ ಇಂಗೆ ಲೇಮನ್, ಅವು ಒಳಗಿನ ಮತ್ತೊಂದು ಗೋಳಕ್ಕೆ ತಗುಲಿ ತಿರುಗಿ ಬಂದವು ಎಂದು 1936ರಲ್ಲಿ ಪ್ರತಿಪಾದಿಸಿದರು. ಆ ಗೋಳ ಘನರೂಪದ್ದು ಎಂಬುದಕ್ಕೆ ಬಲವಾದ ಆಧಾರ ದೊರೆಯಲು 1971ರವರೆಗೆ ಕಾಯಬೇಕಾಯಿತು, ಮತ್ತು ಅದು ಬಂದದ್ದು ಬೇರೆಯೇ ದಾರಿಯಿಂದ. 1960ರ ಚಿಲಿಯ 9.5 ತೀವ್ರತೆಯ ಭೂಕಂಪದಂತಹ ಮಹಾಕಂಪನಗಳ ಬಳಿಕ ಇಡೀ ಭೂಮಿ ಒಂದು ಘಂಟೆಯ ಹಾಗೆ ದಿನಗಟ್ಟಲೆ ಮಿಡಿಯುತ್ತದೆ. ಅದರ ಅತಿ ನಿಧಾನದ ಮಿಡಿತಕ್ಕೆ ಸುಮಾರು 54 ನಿಮಿಷ ಬೇಕು. ಈ ಮಿಡಿತಗಳ ಅವಧಿಯು ಒಳಗಿನ ಸಾಂದ್ರತೆ ಮತ್ತು ಬಿಗಿತವನ್ನು ಅವಲಂಬಿಸಿದೆ. 1981ರಲ್ಲಿ ಆಡಂ ಝಿಯೆವೊನ್‌ಸ್ಕಿ ಮತ್ತು ಡಾನ್ ಆಂಡರ್ಸನ್ ಇವೆಲ್ಲವನ್ನೂ ಒಟ್ಟುಗೂಡಿಸಿ ರಚಿಸಿದ ಪ್ರಾತಿನಿಧಿಕ ಮಾದರಿ ಇಂದಿಗೂ ಬಳಕೆಯಲ್ಲಿದೆ. ಬೇರೆ ಬೇರೆ ದಾರಿಗಳಿಂದ ಬಂದ ಅಳತೆಗಳು ಒಂದೇ ಕಡೆ ಕೂಡುವುದರಿಂದ ಪದರಗಳ ಸರಾಸರಿ ಆಳದ ಬಗ್ಗೆ ಪಠ್ಯಪುಸ್ತಕಕ್ಕೆ ಅಳುಕಿರಬೇಕಾಗಿಲ್ಲ.

ಸಡಿಲವಾಗುವುದು ‘ಸರಾಸರಿ’ಯಿಂದ ‘ಇಲ್ಲಿ ಏನಿದೆ’ ಎಂಬುದಕ್ಕೆ ಇಳಿದಾಗ. ದೊಡ್ಡ ಭೂಕಂಪಗಳು ಬಹುಪಾಲು ಭೂಫಲಕಗಳ ಅಂಚಿನಲ್ಲಿಯೇ ಆಗುತ್ತವೆ, ಭೂಕಂಪ ಮಾಪಕಗಳು ಬಹುಪಾಲು ನೆಲದ ಮೇಲಿವೆ, ಭೂಮಿಯ ಶೇಕಡಾ 71ರಷ್ಟು ಮೇಲ್ಮೈ ಕಡಲು. ಹೀಗಾಗಿ ಒಡಲಿನ ಕೆಲವು ಭಾಗಗಳನ್ನು ಲಕ್ಷಾಂತರ ಅಲೆಗಳು ಹಾದುಹೋದರೆ, ದಕ್ಷಿಣ ಗೋಳಾರ್ಧದ ಸಾಗರಗಳ ಅಡಿಯ ವಿಶಾಲ ಪ್ರದೇಶಗಳನ್ನು ಬೆರಳೆಣಿಕೆಯ ಕೋನಗಳಿಂದ ಮಾತ್ರ ನೋಡಲು ಸಾಧ್ಯವಾಗುತ್ತದೆ. ಪ್ರಯೋಗವನ್ನು ನಡೆಸುವುದು ಪ್ರಕೃತಿ. ಮೂಲದ ಜಾಗವನ್ನಾಗಲಿ ಸಮಯವನ್ನಾಗಲಿ ನಾವು ಆರಿಸಿಕೊಳ್ಳಲಾರೆವು.

ಸಂದೇಹಿ:

ವಿಂಗಡಣೆಗೆ ಧನ್ಯವಾದಗಳು, ಇದು ಉಪಯುಕ್ತವಾಗಿದೆ. ಆದರೆ ಮ್ಯಾಂಟಲ್‌ನ ನಕ್ಷೆಗಳಲ್ಲಿ ಕೆಂಪು ಬಣ್ಣವನ್ನು ಬಿಸಿ ಎಂದೂ ನೀಲಿಯನ್ನು ತಂಪು ಎಂದೂ ಓದುತ್ತಾರಲ್ಲ, ಆ ಉಷ್ಣಾಂಶವನ್ನು ಅಳೆದವರು ಯಾರು?

ಅಲೆಯಜಾಡು:

ಯಾರೂ ಅಳೆದಿಲ್ಲ. ಆ ಬಣ್ಣಗಳು ಅಲೆಯ ವೇಗ ಸರಾಸರಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದನ್ನಷ್ಟೇ ಸೂಚಿಸುತ್ತವೆ, ಅದೂ ಮ್ಯಾಂಟಲ್‌ನ ಹೆಚ್ಚಿನ ಕಡೆ ಶೇಕಡಾ ಒಂದೆರಡರಷ್ಟು ಮಾತ್ರ. ವೇಗವನ್ನು ಉಷ್ಣಾಂಶ ತಗ್ಗಿಸಬಹುದು, ಕಬ್ಬಿಣದ ಅಂಶ ಹೆಚ್ಚಿದ್ದರೂ ತಗ್ಗಬಹುದು, ಸ್ವಲ್ಪ ಭಾಗ ಕರಗಿದ್ದರೂ ತಗ್ಗಬಹುದು.

ಇದರ ಅತ್ಯಂತ ದೊಡ್ಡ ಉದಾಹರಣೆ ಆಫ್ರಿಕಾ ಮತ್ತು ಪೆಸಿಫಿಕ್ ಸಾಗರದ ಅಡಿಯಲ್ಲಿ, ಕೇಂದ್ರಗೋಳದ ಅಂಚಿನ ಮೇಲೆ ಕುಳಿತಿರುವ ಎರಡು ಖಂಡಗಾತ್ರದ ವಲಯಗಳು. ಅವುಗಳಲ್ಲಿ ಎಸ್ ಅಲೆಗಳು ಸುತ್ತಲಿಗಿಂತ ನಿಧಾನವಾಗಿ ಸಾಗುತ್ತವೆ. ಅವು ಸಾವಿರಾರು ಕಿಲೋಮೀಟರ್ ಅಗಲಕ್ಕೂ ನೂರಾರು ಕಿಲೋಮೀಟರ್ ಎತ್ತರಕ್ಕೂ ಹರಡಿವೆ ಎಂಬುದರಲ್ಲಿ ವಿವಾದವಿಲ್ಲ. ಆದರೆ ಅವು ಬರಿಯ ಬಿಸಿ ಶಿಲೆಯೋ ಅಥವಾ ರಾಸಾಯನಿಕವಾಗಿಯೇ ಬೇರೆಯಾದ, ಭಾರವಾದ ಶಿಲೆಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಇದು ಸಣ್ಣ ವ್ಯತ್ಯಾಸವಲ್ಲ. ಬರಿಯ ಬಿಸಿಯಾಗಿದ್ದರೆ ಅವು ಹಗುರವಾಗಿ ಮೇಲೇಳುತ್ತಿರುವ ವಸ್ತು. ಭಾರವಾಗಿದ್ದರೆ ಬಹುಶಃ ಭೂಮಿಯ ಎಳವೆಯಿಂದಲೂ ತಳದಲ್ಲಿ ಉಳಿದುಕೊಂಡಿರುವ ವಸ್ತು. ಸಾಂದ್ರತೆಯನ್ನು ನೇರವಾಗಿ ಹೇಳಬಲ್ಲ ಭೂಮಿಯ ಮಿಡಿತಗಳು ಇಷ್ಟು ಸೂಕ್ಷ್ಮ ಪ್ರಶ್ನೆಗೆ ಬಂದಾಗ ಮಸುಕಾಗುತ್ತವೆ.

ಇದೇ ಇಕ್ಕಟ್ಟು ನೆರೆಯ ಗ್ರಹದಲ್ಲೂ ಕಾಣಿಸಿಕೊಂಡಿತು. ಮಂಗಳನ ಮೇಲೆ ಇಳಿದ ಇನ್‌ಸೈಟ್ ನೌಕೆಯ ಒಂದೇ ಒಂದು ಭೂಕಂಪ ಮಾಪಕದ ದಾಖಲೆಗಳಿಂದ 2021ರಲ್ಲಿ ಅದರ ಕೇಂದ್ರಗೋಳದ ತ್ರಿಜ್ಯ ಸುಮಾರು 1,830 ಕಿಲೋಮೀಟರ್ ಎಂದು ಹೇಳಲಾಯಿತು. ಕೇಂದ್ರಗೋಳದ ಮೇಲೆ ಕರಗಿದ ಶಿಲೆಯ ಪದರವೊಂದು ಇರಬಹುದೆಂಬ ಸಾಧ್ಯತೆಯನ್ನು ಪರಿಗಣಿಸಿದಾಗ 2023ರಲ್ಲಿ ಅದು 1,650ರ ಆಸುಪಾಸಿಗೆ ಇಳಿಯಿತು. ಗ್ರಹ ಅದೇ, ಉಪಕರಣ ಅದೇ. ಹೊಸದಾಗಿ ದೊರೆತ ಕೆಲವು ಅಲೆಗಳು ಮತ್ತು ಬದಲಾದ ಒಂದು ಪೂರ್ವಗ್ರಹಿಕೆ ಸೇರಿ ಇಷ್ಟು ಅಂತರವನ್ನು ಉಂಟುಮಾಡಿದವು.

ಭೂಜಿಜ್ಞಾಸು:

ಹಾಗಾದರೆ ‘ಒಳ ಕೇಂದ್ರಗೋಳ ತಿರುಗುವುದನ್ನು ನಿಲ್ಲಿಸಿದೆ’ ಎಂಬ ಸುದ್ದಿಯೂ ಇದೇ ಬಗೆಯದೇ?

ಅಲೆಯಜಾಡು:

ಆ ತಲೆಬರಹ ಬರೆದವರು ಒಂದು ಪದವನ್ನು ಬಿಟ್ಟಿದ್ದರು: ‘ಮ್ಯಾಂಟಲ್‌ಗೆ ಹೋಲಿಸಿದರೆ’. ಒಳ ಕೇಂದ್ರಗೋಳ ಭೂಮಿಯೊಡನೆ ಎಂದಿನಂತೆಯೇ ತಿರುಗುತ್ತಿದೆ. ಚರ್ಚೆ ಇರುವುದು ಅದು ಮ್ಯಾಂಟಲ್‌ಗಿಂತ ಕೂದಲೆಳೆಯಷ್ಟು ಮುಂದೆ ಸಾಗುತ್ತದೆಯೇ, ಹಿಂದುಳಿಯುತ್ತದೆಯೇ ಎಂಬುದರ ಬಗ್ಗೆ. 1996ರಲ್ಲಿ ಷಿಯಾಡಾಂಗ್ ಸಾಂಗ್ ಮತ್ತು ಪಾಲ್ ರಿಚರ್ಡ್ಸ್ ಅದು ಮುಂದೆ ಸಾಗುತ್ತಿದೆ ಎಂದರು. ಒಂದೇ ಜಾಗದಲ್ಲಿ ವರ್ಷಗಳ ಅಂತರದಲ್ಲಿ ಸಂಭವಿಸಿದ ಅವಳಿ ಭೂಕಂಪಗಳ ಅಲೆಗಳನ್ನು ಹೋಲಿಸಿ 2023ರಲ್ಲಿ ಸಾಂಗ್ ಅವರ ತಂಡವೇ ಆ ಮುನ್ನಡೆ ನಿಂತಂತಿದೆ ಎಂದಿತು. ಅಲೆಯ ಆಗಮನದಲ್ಲಿ ಸೆಕೆಂಡಿನ ಸಣ್ಣ ಅಂಶದಷ್ಟು ಬದಲಾವಣೆಯೇ ಈ ಎಲ್ಲಾ ವಾದಗಳ ಆಧಾರ. ಗೋಳವೇ ತಿರುಗಿತೋ, ಅದರ ಮೇಲ್ಮೈಯಷ್ಟೇ ಬದಲಾಯಿತೋ ಎಂಬ ಮತ್ತೊಂದು ವಾದವೂ ಜೀವಂತವಾಗಿದೆ.

ಹರಳುಕಣ್ಣು:

ವೇಗವನ್ನು ವಸ್ತುವಾಗಿ ಭಾಷಾಂತರಿಸುವ ಕೆಲಸ ನಮ್ಮಂತಹ ಖನಿಜ ಭೌತವಿಜ್ಞಾನದ ಓದುಗರದು. ಅಲ್ಲಿನ ತೊಡಕುಗಳೂ ಕಡಿಮೆಯಿಲ್ಲ.

ಭೂಕೇಂದ್ರದ ಒತ್ತಡ ಸುಮಾರು 360 ಗಿಗಾಪಾಸ್ಕಲ್, ಅಂದರೆ ವಾತಾವರಣದ ಒತ್ತಡದ ಸುಮಾರು 36 ಲಕ್ಷ ಪಟ್ಟು. ಎರಡು ವಜ್ರಗಳ ಚೂಪು ತುದಿಗಳ ನಡುವೆ ಮಾದರಿಯನ್ನು ಅದುಮಿ, ಲೇಸರ್ ಕಿರಣದಿಂದ ಕಾಯಿಸಿ, ಈ ಸ್ಥಿತಿಯನ್ನು ಪ್ರಯೋಗಾಲಯದಲ್ಲಿ ಮರುಸೃಷ್ಟಿಸುತ್ತಾರೆ. ಆದರೆ ಆ ಮಾದರಿ ಕಣ್ಣಿಗೆ ಕಾಣದಷ್ಟು ಚಿಕ್ಕದು, ಅದರ ಒಂದು ಬದಿಗೂ ಇನ್ನೊಂದು ಬದಿಗೂ ನೂರಾರು ಡಿಗ್ರಿ ಉಷ್ಣಾಂಶದ ವ್ಯತ್ಯಾಸವಿರಬಹುದು, ಮತ್ತು ಕೋಟ್ಯಂತರ ವರ್ಷಗಳಲ್ಲಿ ನಿಧಾನವಾಗಿ ನಡೆಯುವ ಹರಿವನ್ನು ಕೆಲವು ಗಂಟೆಗಳ ಪ್ರಯೋಗದಿಂದ ಊಹಿಸಬೇಕಾಗುತ್ತದೆ. ಈ ಮಿತಿಗಳ ನಡುವೆಯೂ ದೊಡ್ಡ ಶೋಧಗಳಾಗಿವೆ: ಮ್ಯಾಂಟಲ್‌ನ ತಳದ ವಿಚಿತ್ರ ವರ್ತನೆಗೆ ಕಾರಣವಾಗಬಲ್ಲ ‘ಪೋಸ್ಟ್ ಪೆರೊವ್‌ಸ್ಕೈಟ್’ ಎಂಬ ಸ್ಫಟಿಕರೂಪವನ್ನು 2004ರಲ್ಲಿ ಜಪಾನಿನ ತಂಡ ಕಂಡುಕೊಂಡದ್ದು ಹೀಗೆಯೇ.

ಈಗ ಕೇಂದ್ರಗೋಳಕ್ಕೆ ಬರೋಣ. ಅದು ಕಬ್ಬಿಣ ಮತ್ತು ನಿಕಲ್ ಎಂದು ನಾವೆಲ್ಲ ಕಲಿತಿದ್ದೇವೆ. ಆದರೆ ಹೊರ ಕೇಂದ್ರಗೋಳದ ಸಾಂದ್ರತೆ ಅದೇ ಒತ್ತಡದ ಶುದ್ಧ ಕಬ್ಬಿಣಕ್ಕಿಂತ ಶೇಕಡಾ ಹತ್ತರ ಆಸುಪಾಸಿನಷ್ಟು ಕಡಿಮೆಯಿದೆ ಎಂದು ಫ್ರಾನ್ಸಿಸ್ ಬರ್ಚ್ ಕಳೆದ ಶತಮಾನದ ಮಧ್ಯದಲ್ಲಿಯೇ ತೋರಿಸಿದ್ದರು. ಯಾವುದೋ ಹಗುರ ಧಾತು ಬೆರೆತಿದೆ. ಗಂಧಕವೇ, ಸಿಲಿಕಾನೇ, ಆಮ್ಲಜನಕವೇ, ಇಂಗಾಲವೇ, ಜಲಜನಕವೇ? ಎಪ್ಪತ್ತು ವರ್ಷ ಕಳೆದರೂ ಪಟ್ಟಿ ಹೆಚ್ಚು ಚಿಕ್ಕದಾಗಿಲ್ಲ, ಏಕೆಂದರೆ ಬೇರೆ ಬೇರೆ ಮಿಶ್ರಣಗಳು ಅದೇ ಸಾಂದ್ರತೆ ಮತ್ತು ಅದೇ ಅಲೆವೇಗವನ್ನು ಕೊಡಬಲ್ಲವು. (ಭೂಗರ್ಭದ ಬಗ್ಗೆ ಬರೆಯುವವರ ‘ನಿಸ್ಸಂಶಯವಾಗಿ’ ಎಂಬುದನ್ನು ‘ಬಹುಶಃ’ ಎಂದು ಓದಿಕೊಳ್ಳಬೇಕೆಂದು ಬರ್ಚ್ ತಮ್ಮ 1952ರ ಪ್ರಬಂಧದಲ್ಲಿ ತಮಾಷೆಯಾಗಿ ಎಚ್ಚರಿಸಿದ್ದರು. ಆ ಎಚ್ಚರಿಕೆಗೆ ಇಂದಿಗೂ ವಯಸ್ಸಾಗಿಲ್ಲ.)

ಪ್ರಯೋಗಗಳೇ ಪರಸ್ಪರ ಒಪ್ಪದಿದ್ದಾಗ ಏನಾಗುತ್ತದೆ ಎಂಬುದಕ್ಕೆ 2016ರ ಪ್ರಸಂಗವನ್ನು ನೋಡಿ. ಕೇಂದ್ರಗೋಳದ ಸ್ಥಿತಿಯಲ್ಲಿ ಕಬ್ಬಿಣ ಶಾಖವನ್ನು ಎಷ್ಟು ಸಲೀಸಾಗಿ ಸಾಗಿಸುತ್ತದೆ ಎಂಬ ಪ್ರಶ್ನೆಗೆ ಒಂದೇ ವಿಜ್ಞಾನ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಉತ್ತರಗಳು ಪ್ರಕಟವಾದವು. ಒಂದು ತಂಡ ಪ್ರತಿ ಮೀಟರಿಗೆ ಪ್ರತಿ ಕೆಲ್ವಿನ್‌ಗೆ ಸುಮಾರು 90 ವ್ಯಾಟ್ ಎಂದಿತು, ಇನ್ನೊಂದು 18ರಿಂದ 44 ಎಂದಿತು. ಈ ಒಂದು ಅಂಕಿಯ ಮೇಲೆ ಬಹಳಷ್ಟು ನಿಂತಿದೆ. ವಾಹಕತೆ ಹೆಚ್ಚಿದ್ದರೆ ಕೇಂದ್ರಗೋಳ ಬೇಗ ತಣಿದಿರಬೇಕು, ಆಗ ಒಳ ಕೇಂದ್ರಗೋಳ ಗಟ್ಟಿಯಾಗತೊಡಗಿ ನೂರು ಕೋಟಿ ವರ್ಷಗಳೂ ಆಗಿರಲಾರವು. ಆದರೆ ಹೊರ ಕೇಂದ್ರಗೋಳದ ದ್ರವ ಕಬ್ಬಿಣ ಕಲಕುವುದರಿಂದ ಹುಟ್ಟುವ ಕಾಂತಕ್ಷೇತ್ರ ಭೂಮಿಗೆ ಕನಿಷ್ಠ 340 ಕೋಟಿ ವರ್ಷಗಳಿಂದ ಇದೆ ಎಂದು ಪುರಾತನ ಶಿಲೆಗಳು ಹೇಳುತ್ತವೆ. ಗಟ್ಟಿಯಾಗುತ್ತಿರುವ ಒಳಗೋಳದ ನೆರವಿಲ್ಲದೆ ಅಷ್ಟು ದೀರ್ಘಕಾಲ ದ್ರವ ಕಬ್ಬಿಣವನ್ನು ಕಲಕುತ್ತಿದ್ದ ಶಕ್ತಿ ಯಾವುದು? ವಾಹಕತೆ ಕಡಿಮೆಯಿದ್ದರೆ ಈ ಒಗಟು ಬಹುಮಟ್ಟಿಗೆ ಕರಗಿಹೋಗುತ್ತದೆ. ವಜ್ರಗಳ ನಡುವಿನ ಕಣವೊಂದರ ಅಳತೆ ಭೂಮಿಯ ಇಡೀ ಉಷ್ಣ ಚರಿತ್ರೆಯನ್ನು ತಿದ್ದಿಬರೆಯಬಲ್ಲದು.

ಕಾಲಗಣಕ:

ಇಷ್ಟು ಹೊತ್ತು ಓದುತ್ತಿದ್ದೆ. ಮೂಲ ಪ್ರಶ್ನೆಯ ಎರಡನೆಯ ಭಾಗವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಹುಟ್ಟನ್ನು ಅರಿಯುವುದೇ ಹೆಚ್ಚು ಕಷ್ಟ. ಒಡಲು ಇಂದಿಗೂ ಇದೆ. ನಾಳೆ ಇನ್ನೂ ಉತ್ತಮ ಉಪಕರಣ ಬಂದರೆ ಇನ್ನೂ ಚೆನ್ನಾಗಿ ಕಾಣಬಹುದು. ಹುಟ್ಟಿನ ದಾಖಲೆಯನ್ನಾದರೋ ಭೂಮಿ ತಾನೇ ಅಳಿಸಿಹಾಕಿದೆ. ಸಾಗರತಳದ ಶಿಲೆ ಬಹುಪಾಲು 20 ಕೋಟಿ ವರ್ಷಗಳಿಗಿಂತ ಎಳೆಯದು, ಏಕೆಂದರೆ ಹಳೆಯದೆಲ್ಲ ಮ್ಯಾಂಟಲ್‌ಗೆ ಮರಳಿದೆ. ಸರ್ವಸಮ್ಮತವಾದ ಅತಿ ಹಳೆಯ ಶಿಲೆ, ಕೆನಡಾದ ಅಕಾಸ್ಟಾ ನೈಸ್, ಸುಮಾರು 400 ಕೋಟಿ ವರ್ಷಗಳದ್ದು. ಅದಕ್ಕೂ ಹಿಂದಿನ ಸುಮಾರು 50 ಕೋಟಿ ವರ್ಷಗಳಿಗೆ ಸಾಕ್ಷಿಯಾಗಿ ಉಳಿದಿರುವುದು ಮುಖ್ಯವಾಗಿ ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನ ಜಿರ್ಕಾನ್ ಹರಳುಗಳು. ಮಿಲಿಮೀಟರಿಗಿಂತ ಚಿಕ್ಕದಾದ ಈ ಹರಳುಗಳಲ್ಲಿ ಅತಿ ಹಳೆಯದಕ್ಕೆ ಸುಮಾರು 440 ಕೋಟಿ ವರ್ಷ ವಯಸ್ಸು. ಅವು ಹುಟ್ಟಿದ ಶಿಲೆಯೇ ಇಂದು ಇಲ್ಲ. ಸವೆದು, ಕೊಚ್ಚಿಹೋಗಿ, ಬಹಳ ಎಳೆಯ ಶಿಲೆಯೊಳಗೆ ಸೇರಿಕೊಂಡ ಹರಳುಗಳಷ್ಟೇ ನಮಗೆ ದಕ್ಕಿವೆ.

ಭೂಮಿಯ ವಯಸ್ಸನ್ನು ಕಂಡುಹಿಡಿದ ಬಗೆಯಲ್ಲಿಯೇ ಈ ಕಷ್ಟ ಎದ್ದು ಕಾಣುತ್ತದೆ. ಕೆಂಡದಂತಹ ಗೋಳ ತಣಿಯಲು ಬೇಕಾದ ಕಾಲವನ್ನು ಲೆಕ್ಕ ಹಾಕಿದ ಲಾರ್ಡ್ ಕೆಲ್ವಿನ್ 1862ರಲ್ಲಿ 2 ಕೋಟಿಯಿಂದ 40 ಕೋಟಿ ವರ್ಷಗಳೆಂದರು. ಒಡಲಿನಲ್ಲಿ ಹೊಸ ಶಾಖ ಹುಟ್ಟಿಸುವ ವಿಕಿರಣಶೀಲತೆಯ ಅರಿವಿಲ್ಲದಿದ್ದುದೇ ಅವರು ಎಡವಲು ಕಾರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಅವರ ಸಹಾಯಕರಾಗಿದ್ದ ಜಾನ್ ಪೆರ್ರಿ 1895ರಲ್ಲಿಯೇ, ಅಂದರೆ ವಿಕಿರಣಶೀಲತೆ ಪತ್ತೆಯಾಗುವುದಕ್ಕೂ ಮುಂಚೆಯೇ, ಒಡಲು ಗಟ್ಟಿಯಾಗಿ ನಿಶ್ಚಲವಾಗಿದೆ ಎಂಬ ಗ್ರಹಿಕೆಯನ್ನು ಪ್ರಶ್ನಿಸಿದ್ದರು. ಒಳಗಿನ ವಸ್ತು ಹರಿಯುತ್ತಾ ಶಾಖವನ್ನು ಮೇಲಕ್ಕೆ ತರುತ್ತಿದ್ದರೆ ವಯಸ್ಸು ನೂರಾರು ಕೋಟಿ ವರ್ಷಗಳಿಗೆ ಏರಬಹುದೆಂದು ತೋರಿಸಿದ್ದರು. ಒಡಲಿನ ಬಗ್ಗೆ ಇದ್ದ ತಪ್ಪು ಕಲ್ಪನೆ ಹುಟ್ಟಿನ ಲೆಕ್ಕವನ್ನು ಕೆಡಿಸಿತ್ತು. ಕೊನೆಗೆ 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ನೀಡಿದ 455 ಕೋಟಿ ವರ್ಷಗಳ ಅಂಕಿಗೆ ಆಧಾರ ಭೂಮಿಯ ಯಾವುದೋ ಮೊದಲ ಶಿಲೆಯಲ್ಲ, ಉಲ್ಕಾಶಿಲೆಗಳ ಸೀಸ, ಅಂದರೆ ಯುರೇನಿಯಂ ಕ್ಷಯಿಸಿ ಉಳಿಯುವ ಧಾತು. ಭೂಮಿಯ ಸೀಸವೂ ಅದೇ ಮೂಲದ್ದೆಂದು ತೋರಿಸಲು ಅವರು ಸಾಗರತಳದ ಕೆಸರಿನಲ್ಲಿದ್ದ ಸೀಸವನ್ನು ಹೋಲಿಕೆಗೆ ಬಳಸಿದರು.

ಕೇಂದ್ರಗೋಳ ಯಾವಾಗ ಬೇರ್ಪಟ್ಟಿತು ಎಂಬ ಪ್ರಶ್ನೆ ಇನ್ನೂ ಸೂಕ್ಷ್ಮ. ಹಾಫ್ನಿಯಂ-182 ಎಂಬ ಐಸೊಟೋಪ್ (ಒಂದೇ ಧಾತುವಿನ, ತೂಕದಲ್ಲಿ ಬೇರೆಯಾದ ಪರಮಾಣು ರೂಪ) ಸುಮಾರು 89 ಲಕ್ಷ ವರ್ಷಗಳ ಅರ್ಧಾಯುವಿನೊಂದಿಗೆ ಟಂಗ್‌ಸ್ಟನ್-182 ಆಗಿ ಮಾರ್ಪಡುತ್ತದೆ. ಹಾಫ್ನಿಯಂ ಶಿಲೆಯಲ್ಲಿ ಉಳಿಯುತ್ತದೆ, ಟಂಗ್‌ಸ್ಟನ್ ಹೆಚ್ಚಾಗಿ ಕಬ್ಬಿಣದೊಡನೆ ಕೆಳಗಿಳಿಯುತ್ತದೆ. ಆದ್ದರಿಂದ ಮ್ಯಾಂಟಲ್‌ನಲ್ಲಿ ಇಂದು ಉಳಿದಿರುವ ಟಂಗ್‌ಸ್ಟನ್-182ರ ಪ್ರಮಾಣದಿಂದ ಬೇರ್ಪಟ್ಟ ಕಾಲವನ್ನು ಲೆಕ್ಕ ಹಾಕಬಹುದು. 2002ರಲ್ಲಿ ಪ್ರಕಟವಾದ ಅಳತೆಗಳು ಸೌರಮಂಡಲ ಹುಟ್ಟಿದ ಸುಮಾರು 3 ಕೋಟಿ ವರ್ಷಗಳೊಳಗೆ ಎಂದವು. ಆದರೆ ಈ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ: ಬಂದು ಅಪ್ಪಳಿಸಿದ ಪ್ರತಿಯೊಂದು ಕಿರುಗ್ರಹದ ಕಬ್ಬಿಣವೂ ಕೆಳಗಿಳಿಯುವ ಮುನ್ನ ಭೂಮಿಯ ಮ್ಯಾಂಟಲ್ ಜೊತೆ ಪೂರ್ತಿ ಬೆರೆತಿರಬೇಕು. ಅಪ್ಪಳಿಸಿದ ಕಾಯದ ಕೇಂದ್ರಗೋಳ ಬೆರೆಯದೆ ನೇರವಾಗಿ ಇಳಿದು ಸೇರಿಕೊಂಡಿದ್ದರೆ, ಅದೇ ಟಂಗ್‌ಸ್ಟನ್ ಅಳತೆಗೆ ಹತ್ತು ಕೋಟಿ ವರ್ಷಗಳ ಆಚೆಗೂ ಚಾಚುವ ಪ್ರಕ್ರಿಯೆ ಹೊಂದಿಕೊಳ್ಳುತ್ತದೆ. ಹರಳುಕಣ್ಣು ಅವರು ಹೇಳಿದ ತೊಡಕೇ ಇಲ್ಲಿ ಕಾಲದ ರೂಪದಲ್ಲಿ ಕಾಣಿಸಿಕೊಂಡಿದೆ.

ಹರಳುಕಣ್ಣು:

ಕಾಲಗಣಕರೇ, ತಮ್ಮ ವಿವರಣೆಯನ್ನು ಒಪ್ಪಿದರೂ ತೀರ್ಮಾನವನ್ನು ಒಪ್ಪಲಾರೆ. ಒಡಲು ಮತ್ತು ಹುಟ್ಟು ಎಂಬ ಎರಡು ಪ್ರಶ್ನೆಗಳಿವೆ, ಅವುಗಳಲ್ಲೊಂದು ಹೆಚ್ಚು ಕಷ್ಟ ಎಂದು ಹೇಳುವುದೇ ಸರಿಯಲ್ಲವೆಂದು ನನಗೆ ತೋರುತ್ತದೆ. ಒಂದಕ್ಕೆ ಉತ್ತರಿಸುವಾಗ ಇನ್ನೊಂದರ ಉತ್ತರವನ್ನು ಕಡ ತಂದಿರುತ್ತೇವೆ.

ಭೂಮಿ ಒಟ್ಟಾರೆ ಯಾವುದರಿಂದ ಆಗಿದೆ ಎಂದು ಹೇಳಲು, ಸೌರಮಂಡಲದ ಆದಿಯಿಂದ ಹೆಚ್ಚು ಬದಲಾಗದೆ ಉಳಿದ ಕಾಂಡ್ರೈಟ್ ಜಾತಿಯ ಉಲ್ಕಾಶಿಲೆಗಳನ್ನು ಅಳತೆಗೋಲಾಗಿ ಹಿಡಿಯುತ್ತೇವೆ. ಅಂದರೆ ಭೂಮಿಯ ಹುಟ್ಟಿನ ಬಗ್ಗೆ ಒಂದು ನಂಬಿಕೆಯನ್ನು ಮೊದಲೇ ಇಟ್ಟುಕೊಂಡಿರುತ್ತೇವೆ. ಆ ಅಳತೆಗೋಲಿಗೆ ಹೋಲಿಸಿದರೆ ಮೇಲಿನ ಮ್ಯಾಂಟಲ್‌ನಲ್ಲಿ ಮೆಗ್ನೀಸಿಯಂಗೆ ಎದುರಾಗಿ ಇರಬೇಕಾದಷ್ಟು ಸಿಲಿಕಾನ್ ಇಲ್ಲ. ಕಾಣೆಯಾದ ಸಿಲಿಕಾನ್ ಕೆಳಗಿನ ಮ್ಯಾಂಟಲ್‌ನಲ್ಲಿದೆಯೇ, ಕೇಂದ್ರಗೋಳದಲ್ಲಿ ಬೆರೆತಿದೆಯೇ, ಅಥವಾ ಭೂಮಿ ಅಂತಹ ಉಲ್ಕಾಶಿಲೆಗಳಿಂದ ಆಗಿಯೇ ಇಲ್ಲವೇ? ಮೊದಲೆರಡು ಒಡಲಿನ ಉತ್ತರಗಳು, ಮೂರನೆಯದು ಹುಟ್ಟಿನ ಉತ್ತರ. ಇಂದಿನ ಯಾವ ಒಂದು ಅಳತೆಯೂ ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿ ಕೊಡುವುದಿಲ್ಲ.

ಸಂದೇಹಿ:

ಇದು ಸುತ್ತಿ ಬಂದು ಬಾಲ ಕಚ್ಚುವ ತರ್ಕವಲ್ಲವೇ? ಉಲ್ಕಾಶಿಲೆಗಳಿಂದ ಹುಟ್ಟಿತೆಂದು ಭಾವಿಸಿ ಒಡಲನ್ನು ಲೆಕ್ಕ ಹಾಕುವುದು, ಆ ಒಡಲನ್ನು ನೋಡಿ ಹುಟ್ಟನ್ನು ವಿವರಿಸುವುದು.

ಕಾಲಗಣಕ:

ಸಂದೇಹಿಯವರ ಮಾತಿನಲ್ಲಿ ಹುರುಳಿದೆ. ಈ ಸುತ್ತನ್ನು ಕಡಿಯಬೇಕಾದರೆ ಯಾವ ನಂಬಿಕೆಯನ್ನೂ ಕಡ ತಾರದ ಸ್ವತಂತ್ರ ಅಳತೆ ಬೇಕು. ಅದಕ್ಕೆ ನನಗೆ ಕಾಣುವ ಅತ್ಯುತ್ತಮ ಉದಾಹರಣೆ ಭೂನ್ಯೂಟ್ರಿನೊಗಳು. ಯುರೇನಿಯಂ ಮತ್ತು ಥೋರಿಯಂ ಕ್ಷಯಿಸುವಾಗ ಹೊರಬೀಳುವ ಈ ಕಣಗಳು ಇಡೀ ಭೂಮಿಯನ್ನು ಏನೂ ಆಗದಂತೆ ದಾಟಿ ಬರುತ್ತವೆ. ಜಪಾನಿನ ಕ್ಯಾಮ್‌ಲ್ಯಾಂಡ್ ಉಪಕರಣ 2005ರಲ್ಲಿ ಮೊದಲ ಬಾರಿ ಇವುಗಳ ಸುಳಿವು ಹಿಡಿಯಿತು, ಇಟಲಿಯ ಬೊರೆಕ್ಸಿನೊ 2010ರಲ್ಲಿ ಅದನ್ನು ದೃಢಪಡಿಸಿತು. ಭೂಮಿಯಿಂದ ಹೊರಹೋಗುವ ಶಾಖ ಒಟ್ಟು ಸುಮಾರು 47 ಟೆರಾವ್ಯಾಟ್. ಅದರಲ್ಲಿ ವಿಕಿರಣಶೀಲ ಧಾತುಗಳ ಪಾಲು ಎಷ್ಟು, ಹುಟ್ಟಿದಾಗಿನಿಂದ ಉಳಿದ ಶಾಖದ ಪಾಲು ಎಷ್ಟು ಎಂಬುದನ್ನು ಈ ಕಣಗಳ ಎಣಿಕೆ ಹೇಳಬಲ್ಲದು. ಪೂರ್ತಿ ಶಾಖ ವಿಕಿರಣಶೀಲತೆಯದ್ದಲ್ಲ ಎಂಬುದನ್ನು ಈಗಾಗಲೇ ಹೇಳಿದೆ.

ಇಲ್ಲಿಯೂ ಅಡಚಣೆಗಳಿವೆ. ಅಣುಸ್ಥಾವರಗಳೂ ಅದೇ ಬಗೆಯ ಕಣಗಳನ್ನು ಹೊರಸೂಸುವುದರಿಂದ ಅವುಗಳ ಪಾಲನ್ನು ಕಳೆಯಬೇಕು. ಕಣ ಬಂದ ದಿಕ್ಕು ತಿಳಿಯದ ಕಾರಣ, ಉಪಕರಣದ ಸುತ್ತಲಿನ ಭೂಕವಚದಿಂದ ಬಂದದ್ದೆಷ್ಟು ಎಂದು ಬೇರೆಯಾಗಿ ಅಂದಾಜು ಮಾಡಿ ಕಳೆದ ನಂತರವೇ ಮ್ಯಾಂಟಲ್‌ನ ಪಾಲು ಉಳಿಯುತ್ತದೆ. ಪೊಟ್ಯಾಸಿಯಂನಿಂದ ಬರುವ ಕಣಗಳ ಶಕ್ತಿ ಇಂದಿನ ವಿಧಾನದ ಕನಿಷ್ಠ ಮಿತಿಯನ್ನು ಮುಟ್ಟುವುದೇ ಇಲ್ಲ. 2025ರಲ್ಲಿ ದತ್ತಾಂಶ ಸಂಗ್ರಹ ಆರಂಭಿಸಿದ ಚೀನಾದ ಜೂನೊ ಉಪಕರಣದಲ್ಲಿ ಈ ಕಣಗಳನ್ನು ಹಿಡಿಯುವ 20,000 ಟನ್ ದ್ರವವಿದೆ. ಕ್ಯಾಮ್‌ಲ್ಯಾಂಡಿನಲ್ಲಿದ್ದದ್ದು ಸುಮಾರು 1,000 ಟನ್. ಎಣಿಕೆ ಖಂಡಿತ ಹೆಚ್ಚುತ್ತದೆ. ಆದರೆ ಜೂನೊ ಇರುವುದು ಅಣುಸ್ಥಾವರಗಳಿಂದ ಹೆಚ್ಚು ದೂರವಲ್ಲದ ಜಾಗದಲ್ಲಿ, ಅದೂ ಖಂಡದ ಮೇಲೆ. ಮ್ಯಾಂಟಲ್‌ನ ದನಿಯನ್ನು ನೇರವಾಗಿ ಕೇಳಬೇಕಾದರೆ ಇಂತಹ ಉಪಕರಣವನ್ನು ಭೂಕವಚ ತೆಳುವಾಗಿರುವ ಸಾಗರದ ತಳದಲ್ಲಿ ಇಡಬೇಕು.

ಭೂಜಿಜ್ಞಾಸು:

ಒಡಲು ಮತ್ತು ಹುಟ್ಟು ಕೂಡುವ ಜಾಗದಲ್ಲಿ ಚಂದ್ರನ ಪ್ರಸ್ತಾಪ ಬಂದೀತೆಂದು ಕಾಯುತ್ತಿದ್ದೆ. ಮಂಗಳದ ಗಾತ್ರದ ಥಿಯಾ ಎಂಬ ಕಾಯ ಎಳೆಯ ಭೂಮಿಗೆ ಅಪ್ಪಳಿಸಿ ಚಂದ್ರ ಹುಟ್ಟಿದನೆಂಬ ವಾದಕ್ಕೂ, ಅಲೆಯಜಾಡು ಅವರು ಹೇಳಿದ ಆಫ್ರಿಕಾ ಮತ್ತು ಪೆಸಿಫಿಕ್ ಅಡಿಯ ವಲಯಗಳಿಗೂ ಸಂಬಂಧವಿದೆ ಎಂದು ಓದಿದ ನೆನಪು.

ಅಲೆಯಜಾಡು:

ಹೌದು, 2023ರಲ್ಲಿ ಕಿಯಾನ್ ಯುವಾನ್ ಮತ್ತು ಸಂಗಡಿಗರು ಆ ವಾದವನ್ನು ಮಂಡಿಸಿದರು. ಥಿಯಾದ ಮ್ಯಾಂಟಲ್‌ನಲ್ಲಿ ಕಬ್ಬಿಣ ಹೆಚ್ಚಿದ್ದು, ಅದು ಭೂಮಿಯ ಮ್ಯಾಂಟಲ್‌ಗಿಂತ ಶೇಕಡಾ ಎರಡರಿಂದ ಮೂರೂವರೆಯಷ್ಟು ಭಾರವಾಗಿದ್ದರೆ, ಅಪ್ಪಳಿಕೆಯ ಬಳಿಕ ಅದರ ತುಣುಕುಗಳು ತಳಕ್ಕಿಳಿದು ಇಂದಿಗೂ ಉಳಿದಿರಲು ಸಾಧ್ಯವೆಂದು ಅವರ ಗಣಕ ಮಾದರಿ ತೋರಿಸಿತು.

ಸಂದೇಹಿ:

ಸಾಧ್ಯ ಎಂದು ತೋರಿಸುವುದಕ್ಕೂ ಹಾಗೆಯೇ ಆಯಿತು ಎನ್ನುವುದಕ್ಕೂ ಅಜಗಜಾಂತರವಿದೆ. ಎಳೆಯ ಭೂಮಿಯನ್ನು ಆವರಿಸಿದ್ದ ಶಿಲಾಪಾಕದ ಸಾಗರ ಗಟ್ಟಿಯಾಗುವಾಗ ತಳದಲ್ಲಿ ಉಳಿದ ಭಾರದ ವಸ್ತುವೂ ಅದೇ ಆಕಾರವನ್ನು ಪಡೆಯಬಹುದು, ಕೋಟ್ಯಂತರ ವರ್ಷಗಳಿಂದ ಕೆಳಗೆ ಜಾರಿದ ಸಾಗರತಳದ ರಾಶಿಯೂ ಪಡೆಯಬಹುದು. ಅಲ್ಲದೆ ಚಂದ್ರನ ಶಿಲೆಗಳ ಆಮ್ಲಜನಕದ ಐಸೊಟೋಪ್‌ಗಳು ಭೂಮಿಯವುಗಳನ್ನು ಬಹಳ ನಿಕಟವಾಗಿ ಹೋಲುತ್ತವೆ. ಥಿಯಾ ಎಂಬ ಪರಕೀಯ ಕಾಯದ ಗುರುತು ಚಂದ್ರನಲ್ಲೇ ಸ್ಪಷ್ಟವಾಗಿ ಸಿಗದಿರುವಾಗ, 2,900 ಕಿಲೋಮೀಟರ್ ಆಳದಲ್ಲಿ ಅದನ್ನು ಕಂಡುಕೊಂಡಿದ್ದೇವೆ ಎನ್ನುವುದನ್ನು ನಾನು ಸದ್ಯಕ್ಕೆ ಒಪ್ಪಲಾರೆ.

ಕಾಲಗಣಕ:

ಒಪ್ಪದಿರುವುದು ನ್ಯಾಯವಾಗಿಯೇ ಇದೆ. ಆದರೆ ಈ ವಾದದ ಒಂದು ಗುಣವನ್ನು ಗಮನಿಸಬೇಕು: ಇದನ್ನು ಭೂಮಿಯ ಹೊರಗೆ ಪರೀಕ್ಷಿಸಬಹುದು. ಚಂದ್ರನ ಮ್ಯಾಂಟಲ್‌ನ ಬಹುಪಾಲು ಥಿಯಾದಿಂದಲೇ ಬಂದಿದ್ದರೆ, ಅದರ ರಾಸಾಯನಿಕ ಗುರುತು ಈ ಆಳದ ವಲಯಗಳಿಂದ ಮೇಲೇಳುವವೆಂದು ಭಾವಿಸಲಾದ ಜ್ವಾಲಾಮುಖಿಗಳ ಶಿಲೆಯಲ್ಲಿ, ಉದಾಹರಣೆಗೆ ಹವಾಯಿಯಲ್ಲಿ, ಸಿಗುವ ಗುರುತಿನೊಡನೆ ಹೊಂದಬೇಕು. ತೊಡಕೆಂದರೆ ಚಂದ್ರನ ಮ್ಯಾಂಟಲ್‌ನ ತುಂಡು ಎಂದು ಎಲ್ಲರೂ ಒಪ್ಪುವ ಶಿಲೆ ನಮ್ಮ ಕೈಯಲ್ಲಿಲ್ಲ. ಅಪೊಲೊ ಯಾತ್ರೆಗಳು ಇಳಿದದ್ದು ಚಂದ್ರನ ಈಚೆ ಬದಿಯಲ್ಲಿ. ಆಚೆ ಬದಿಯ ದಕ್ಷಿಣ ಧ್ರುವ–ಏಟ್ಕನ್ ಕುಳಿಯನ್ನು ಅಗೆದ ಅಪ್ಪಳಿಕೆ ಎಷ್ಟು ದೊಡ್ಡದೆಂದರೆ ಅಲ್ಲಿ ಮ್ಯಾಂಟಲ್ ಶಿಲೆ ಮೇಲೆ ಚೆಲ್ಲಿರುವ ಸಂಭವವಿದೆ. ಅಲ್ಲಿಂದ ಚಾಂಗ್‌ಎ-6 ನೌಕೆ 2024ರ ಜೂನ್‌ನಲ್ಲಿ 1,935 ಗ್ರಾಂ ಮಣ್ಣು ಮತ್ತು ಶಿಲೆಯನ್ನು ತಂದಿದೆ. ಅದರಲ್ಲಿ ಬಹುಪಾಲು ಸುಮಾರು 280 ಕೋಟಿ ವರ್ಷಗಳ ಹಿಂದಿನ ಬಸಾಲ್ಟ್; ಆ ಬಸಾಲ್ಟ್ ಚಂದ್ರನ ಮ್ಯಾಂಟಲ್ ಕರಗಿ ಹುಟ್ಟಿದ್ದಾದ್ದರಿಂದ ಮೂಲದ ಸುಳಿವನ್ನು ಪರೋಕ್ಷವಾಗಿಯಾದರೂ ಹೊತ್ತಿರುತ್ತದೆ. ನೇರ ಹೋಲಿಕೆಗೆ ಬೇಕಾದ ಮ್ಯಾಂಟಲ್ ತುಣುಕಿಗಾಗಿ ಅದೇ ಕುಳಿಯ ಬೇರೆ ಜಾಗಗಳಿಂದ ಇನ್ನಷ್ಟು ಮಾದರಿಗಳು ಬರಬೇಕಾಗುತ್ತದೆ.